ಮೊದಲು ಕಾಗದ, ಆಮೇಲೆ ಸಂಚಕಾರ: ಮನೆ ಮಾರುವವರಿಗೆ ಹಂತ ಹಂತದ ಮಾರ್ಗದರ್ಶಿ

ಗಂಗಾವತಿ, ಕೊಪ್ಪಳ ಕಡೆ ಯಾರದಾದರೂ ಮನೆ ಮಾರಾಟ ಮುರಿದುಬಿತ್ತು ಅಂತ ಕೇಳಿದರೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಸಂಚಕಾರ (ಮುಂಗಡ ದುಡ್ಡು) ಯಾವಾಗ ತಗೊಂಡ್ರಿ? ಉತ್ತರವೂ ಸಾಮಾನ್ಯವಾಗಿ ಒಂದೇ ಇರುತ್ತದೆ. ಗಿರಾಕಿ ಬಂದ, ರೇಟು ಕುದುರಿತು, ಅವತ್ತೇ ದುಡ್ಡು ಹಿಡಿದ್ವಿ. ಮೂರು ತಿಂಗಳಲ್ಲಿ ಖರೀದಿ ಮಾಡಿಕೊಡ್ತೀವಿ ಅಂತ ಬರೆದುಕೊಟ್ವಿ. ಆಮೇಲೆ ಇ-ಖಾತಾಕ್ಕೆ, ಅಂದರೆ ಆಸ್ತಿಯ ಗಣಕೀಕೃತ ಖಾತೆಗೆ ಓಡಾಡಿದ್ವಿ.

ನಮ್ಮ ದೊಡ್ಡಪ್ಪನ ಮನೆ ಮಾರುವಾಗ ನಾವೂ ಹೀಗೇ ಮಾಡಿದೆವು. ಖಾತೆ ಇನ್ನೂ ಅಜ್ಜನ ಹೆಸರಲ್ಲಿತ್ತು. ಅತ್ತೆಯರಿಬ್ಬರ ಸಹಿ ಬೇಕು ಅಂತ ಗೊತ್ತಾಗಿದ್ದು ದುಡ್ಡು ಕೈಗೆ ಬಂದ ಮೇಲೆ. ಮೂರು ತಿಂಗಳ ಗಡುವು ಒಂಬತ್ತು ತಿಂಗಳಾಯಿತು. ಅಷ್ಟರಲ್ಲಿ ಗಿರಾಕಿ ವಕೀಲರ ಕಡೆಯಿಂದ ನೋಟಿಸ್ ಕೊಟ್ಟಿದ್ದರು. ತಪ್ಪು ಅವರದಲ್ಲ, ಗಡುವು ಬರೆದುಕೊಟ್ಟವರು ನಾವು. ಆ ಒಂಬತ್ತು ತಿಂಗಳು ಮನೆಯವರೆಲ್ಲ ಪಟ್ಟ ಸಂಕಟ ಬೇರೆಯವರಿಗೆ ಬರಬಾರದು ಅಂತಲೇ ಇದನ್ನು ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಸಂಚಕಾರ ಬರುವುದು ಆರನೇ ಹಂತದಲ್ಲಿ. ಅದಕ್ಕಿಂತ ಮೊದಲು ಯಾರು ದುಡ್ಡು ತಂದು ಮುಂದಿಟ್ಟರೂ "ಕಾಗದ ತಯಾರಾಗಲಿ, ಆಮೇಲೆ ಕೂತು ಮಾತಾಡೋಣ" ಅಂತ ಹೇಳಿ.

## ಒಟ್ಟು ಎಷ್ಟು ದಿನ ಬೇಕು?

ಮನೆ ನಿಮ್ಮೊಬ್ಬರ ಹೆಸರಲ್ಲೇ ಇದ್ದು, ಇ-ಖಾತಾ ಕೈಯಲ್ಲಿದ್ದು, ಸಾಲ ಇಲ್ಲದಿದ್ದರೆ ಗಿರಾಕಿ ಸಿಕ್ಕ ಮೇಲೆ ಒಂದೂವರೆ ಎರಡು ತಿಂಗಳಲ್ಲಿ ಕೆಲಸ ಮುಗಿಯುತ್ತದೆ. ಅವರು ಬ್ಯಾಂಕ್ ಸಾಲ ತೆಗೆಯುವವರಾದರೆ ಇನ್ನೊಂದು ತಿಂಗಳು ಸೇರಿಸಿ. ಇ-ಖಾತಾ ಆಗಬೇಕಿದ್ದರೆ ಮೂರ್ನಾಲ್ಕು ತಿಂಗಳು ಇಟ್ಟುಕೊಳ್ಳಿ. ಖಾತೆ ತೀರಿಕೊಂಡವರ ಹೆಸರಲ್ಲಿದ್ದರೆ ಆರು ತಿಂಗಳಿಗಿಂತ ಕಡಿಮೆ ಹೇಳಲು ನನಗೆ ಧೈರ್ಯ ಬರುವುದಿಲ್ಲ. ಇವು ನಾನು ಕಂಡ ವ್ಯವಹಾರಗಳಿಂದ ಮಾಡಿಕೊಂಡ ಅಂದಾಜುಗಳು, ಕಾನೂನಿನ ಗಡುವುಗಳಲ್ಲ. ಕಾನೂನಿನ ಗಡುವುಗಳನ್ನು ಆಯಾ ಹಂತದಲ್ಲಿ ಹೇಳುತ್ತೇನೆ.

ನಮ್ಮ ಕಡೆಯ ಇನ್ನೊಂದು ಮಾತು. ಆಷಾಢದಲ್ಲಿ, ಅಮಾವಾಸ್ಯೆ ಹತ್ತಿರ ಬಂದಾಗ ಎಷ್ಟೋ ಜನ ಖರೀದಿಗೆ ಒಪ್ಪುವುದಿಲ್ಲ. ಆ ದಿನಗಳನ್ನೂ ಲೆಕ್ಕಕ್ಕೆ ಹಿಡಿದು ಗಡುವು ಇಡಿ.

## ಹಂತ 1: ಸಹಿ ಹಾಕಬೇಕಾದವರು ಯಾರು ಯಾರು?

ಒಂದು ಹಾಳೆ ತಗೊಂಡು ಮನೆ ನಿಮಗೆ ಹೇಗೆ ಬಂತು ಅಂತ ಬರೆಯಿರಿ. ನೀವೇ ದುಡಿದು ಕೊಂಡದ್ದಾ, ಅಪ್ಪನಿಂದ ಬಂದದ್ದಾ, ಅಜ್ಜನ ಕಾಲದ್ದಾ, ಪಾಲಿನಲ್ಲಿ ಸಿಕ್ಕಿದ್ದಾ? ಉಳಿದ ಎಲ್ಲವೂ ಇದರ ಮೇಲೆ ನಿಂತಿದೆ.

ಸ್ವಂತ ದುಡಿಮೆಯಲ್ಲಿ ಕೊಂಡು, ಪತ್ರ ನಿಮ್ಮ ಹೆಸರಲ್ಲೇ ನೋಂದಣಿ ಆಗಿದ್ದರೆ ಮಾರುವ ಹಕ್ಕು ನಿಮ್ಮದು. ಆದರೂ ಗಿರಾಕಿಯ ವಕೀಲರು ಹೆಂಡತಿ ಮಕ್ಕಳ ಸಹಿಯನ್ನು ಒಪ್ಪಿಗೆಗಾಗಿ ಕೇಳಬಹುದು. ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ.

ಪಿತ್ರಾರ್ಜಿತ ಮನೆಯಾದರೆ ಇಲ್ಲಿ ನಿಧಾನಿಸಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದ ಮೇಲೆ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲಿದೆ. ಆ ತಿದ್ದುಪಡಿ ಬಂದ ದಿನ ಅಪ್ಪ ಬದುಕಿರಲಿಲ್ಲ ಅನ್ನುವ ಕಾರಣಕ್ಕೆ ಮಗಳ ಪಾಲು ಹೋಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟ ಮಾಡಿದೆ. "ಅಕ್ಕನಿಗೆ ಮದುವೆ ಮಾಡಿಕೊಟ್ಟಾಗಲೇ ಬಂಗಾರ ಹಾಕಿದ್ದೀವಲ್ಲ" ಅನ್ನುವ ಮಾತು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಣಿಯಾದ ಪಾಲುಪತ್ರ ಇದ್ದರೆ ಆ ಹಳೆ ಹಂಚಿಕೆಗೆ ಧಕ್ಕೆ ಇಲ್ಲ. ಮುಸ್ಲಿಂ ಕುಟುಂಬಗಳಲ್ಲಿ ಪಾಲಿನ ಲೆಕ್ಕ ಬೇರೆ. ಅಲ್ಲೂ ಹೆಣ್ಣುಮಕ್ಕಳು, ತಾಯಿ, ಹೆಂಡತಿ ಎಲ್ಲರೂ ವಾರಸುದಾರರೇ.

ಅಕ್ಕತಂಗಿಯರಿಗೆ ಪಾಲು ಬೇಡ ಅಂತಿದ್ದರೆ ಬಾಯಿಮಾತು ಸಾಲದು. ಹಕ್ಕು ಬಿಡುಗಡೆ ಪತ್ರ ಮಾಡಿ ನೋಂದಣಿ ಮಾಡಿಸಬೇಕು. ಇಲ್ಲದಿದ್ದರೆ ಅವರೇ ಬಂದು ಖರೀದಿ ಪತ್ರಕ್ಕೆ ಮಾರುವವರಾಗಿ ಸಹಿ ಹಾಕಬೇಕು. ಎರಡನೆಯದೇ ಸುಲಭ ಅಂತ ನನ್ನ ಅನುಭವ. ಒಂದೇ ದಿನ, ಒಂದೇ ಪತ್ರ, ಎಲ್ಲರ ಪಾಲಿನ ದುಡ್ಡು ಅವರವರ ಖಾತೆಗೆ. ಮನಸ್ತಾಪವೂ ಕಡಿಮೆ.

ಖಾತೆದಾರರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಬೇಕು. ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು. ಇದರಲ್ಲಿ ಒಂದು ಹೆಸರು ಬಿಟ್ಟುಹೋದರೂ ಮುಂದೆ ಇಡೀ ಮಾರಾಟಕ್ಕೆ ತಕರಾರು ಬರುತ್ತದೆ. ತೀರಿಕೊಂಡ ಅಣ್ಣನ ಹೆಂಡತಿ ಮಕ್ಕಳನ್ನು ಮರೆಯಬೇಡಿ.

ವಾರಸುದಾರರಲ್ಲಿ 18 ತುಂಬದ ಮಕ್ಕಳಿದ್ದಾರಾ? ಹಾಗಾದರೆ ಈಗಲೇ ವಕೀಲರನ್ನು ಕಾಣಿ. ಮಗುವಿನ ಹೆಸರಿಗೆ ಬಂದ ಆಸ್ತಿಯನ್ನು ನ್ಯಾಯಾಲಯದ ಅನುಮತಿ ಇಲ್ಲದೆ ತಂದೆ ತಾಯಿಯೂ ಮಾರುವಂತಿಲ್ಲ. ಅನುಮತಿ ಇಲ್ಲದೆ ಮಾರಿದರೆ ಆ ಮಗು ದೊಡ್ಡವನಾದ ಮೇಲೆ ಮಾರಾಟವನ್ನು ರದ್ದು ಮಾಡಿಸಬಹುದು.

ಇನ್ನೊಂದು ವಿಷಯ ಬೇಗ ಹೇಳಿಬಿಡುತ್ತೇನೆ. ಸರ್ಕಾರ ಕೊಟ್ಟ ನಿವೇಶನ, ಆಶ್ರಯ ಮನೆ, ಪರಿಶಿಷ್ಟರಿಗೆ ಮಂಜೂರಾದ ಜಮೀನಿನಲ್ಲಿ ಎದ್ದ ಮನೆ ಇವುಗಳಿಗೆ ಪರಭಾರೆ ನಿಷೇಧದ, ಅಂದರೆ ಬೇರೆಯವರಿಗೆ ಮಾರಬಾರದು ಅನ್ನುವ ಷರತ್ತು ಇರಬಹುದು. ಹಕ್ಕುಪತ್ರದ ಹಿಂದಿನ ಪುಟವನ್ನೂ ಓದಿ. ಪರಿಶಿಷ್ಟರ ಮಂಜೂರಾತಿ ಜಮೀನಿಗೆ 1978ರ ಕಾಯ್ದೆ ಅನ್ವಯಿಸುತ್ತದೆ, ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ಅಲ್ಲಿ ನಡೆಯುವುದಿಲ್ಲ. ನಗರಾಭಿವೃದ್ಧಿ ಪ್ರಾಧಿಕಾರ ಅಥವಾ ಗೃಹ ಮಂಡಳಿಯ ಮನೆಯಾದರೆ ಬರೀ ಹಂಚಿಕೆ ಪತ್ರ ಸಾಲದು. ಅವರಿಂದ ನಿಮ್ಮ ಹೆಸರಿಗೆ ಸಂಪೂರ್ಣ ಕ್ರಯಪತ್ರ (ಖರೀದಿ ಪತ್ರ) ಆಗಿರಬೇಕು.

## ಹಂತ 2: ಹಳೆ ಪತ್ರಗಳ ಸರಪಳಿ ಮತ್ತು ಇಸಿ

ನಿಮ್ಮ ಖರೀದಿ ಪತ್ರ, ನಿಮಗೆ ಮಾರಿದವರ ಪತ್ರ, ಅವರಿಗೆ ಮಾರಿದವರ ಪತ್ರ. ಹೀಗೆ ಕನಿಷ್ಠ 30 ವರ್ಷ ಹಿಂದಕ್ಕೆ ಹೋಗಿ ಒಂದೊಂದನ್ನೂ ಜೋಡಿಸಿ. ನಡುವೆ ಒಂದು ಪತ್ರ ಕಳೆದಿದ್ದರೆ ನೋಂದಣಿ ಸಂಖ್ಯೆ, ವರ್ಷ ಹಿಡಿದು ಉಪನೋಂದಣಾಧಿಕಾರಿ ಕಚೇರಿಯಲ್ಲಿ ದೃಢೀಕೃತ ನಕಲು ಪಡೆಯಬಹುದು.

ರಾಯಚೂರು, ಕೊಪ್ಪಳದ ಹಳೆ ಓಣಿಗಳಲ್ಲಿ ನಿಜಾಮರ ಕಾಲದ ಉರ್ದು ಕಾಗದ ಇರುವ ಮನೆಗಳಿವೆ. ಬಳ್ಳಾರಿ ಕಡೆ ತೆಲುಗು ಪತ್ರಗಳು ಸಿಗುತ್ತವೆ. ಅವನ್ನು ಕನ್ನಡಕ್ಕೆ ಅನುವಾದ ಮಾಡಿಸಿ, ವಕೀಲರಿಗೆ ತೋರಿಸಿ ಇಟ್ಟುಕೊಳ್ಳಿ. ಗಿರಾಕಿಯ ಬ್ಯಾಂಕ್ ಕೇಳಿದಾಗ ಉರ್ದು ಓದುವವರನ್ನು ಹುಡುಕುತ್ತಾ ಹೊರಟರೆ ಎರಡು ವಾರ ಸುಮ್ನೆ ಹೋಗುತ್ತದೆ.

ಇನ್ನು ಇಸಿ, ಅಂದರೆ ಋಣಭಾರ ಪ್ರಮಾಣಪತ್ರ. ನಿಮ್ಮ ಮನೆಯ ಮೇಲೆ ಯಾವ ಯಾವ ವ್ಯವಹಾರ ನೋಂದಣಿ ಆಗಿದೆ ಅಂತ ಇದು ತೋರಿಸುತ್ತದೆ. 2004ರ ಏಪ್ರಿಲ್‌ನಿಂದ ಈಚಿನದನ್ನು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲೇ ತೆಗೆಯಬಹುದು. ಅದಕ್ಕಿಂತ ಹಿಂದಿನದಕ್ಕೆ ಕಚೇರಿಗೆ ಅರ್ಜಿ ಹಾಕಬೇಕು. ವ್ಯವಹಾರಗಳಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಬರುತ್ತದೆ.

ಇಲ್ಲಿ ಬಹಳ ಜನ ಎಡವುತ್ತಾರೆ. ಹೊಸ ತಾಲೂಕುಗಳಾದ ಮೇಲೆ ಊರುಗಳು ಅತ್ತಿತ್ತ ಹೋಗಿವೆ. ಕಾರಟಗಿ, ಕನಕಗಿರಿ ಮೊದಲು ಗಂಗಾವತಿ ತಾಲೂಕಿನಲ್ಲಿದ್ದವು. ಕುಕನೂರು ಯಲಬುರ್ಗಾದಲ್ಲಿತ್ತು, ಸಿರವಾರ ಮಾನ್ವಿಯಲ್ಲಿತ್ತು. ಹಳೆ ನೋಂದಣಿಯನ್ನು ಹಳೆ ತಾಲೂಕಿನ ಕಚೇರಿಯ ಹೆಸರಲ್ಲೇ ಹುಡುಕಬೇಕು. ತಪ್ಪು ಕಚೇರಿಯಲ್ಲಿ ಹುಡುಕಿ ನಮೂನೆ 16 ಬಂದರೆ "ಏನೂ ಇಲ್ಲ, ಕ್ಲಿಯರ್ ಇದೆ" ಅಂತ ಖುಷಿಪಡಬೇಡಿ. ನಿಮ್ಮದೇ ಖರೀದಿ ಆ ಇಸಿಯಲ್ಲಿ ಕಾಣಬೇಕಲ್ವಾ? ಕಾಣದಿದ್ದರೆ ಹುಡುಕಿದ ಜಾಗ, ಸರ್ವೆ ನಂಬರ್ ಅಥವಾ ಮನೆ ನಂಬರ್ ತಪ್ಪಿದೆ ಅಂತ ಅರ್ಥ.

ಇಸಿಯಲ್ಲಿ ಕಾಣದ ವಿಷಯಗಳೂ ಇವೆ. ನ್ಯಾಯಾಲಯದ ದಾವೆ, ನೋಂದಣಿ ಆಗದ ಕರಾರು, ಬಾಯಿಮಾತಿನ ಪಾಲು ಅದರಲ್ಲಿ ಬರುವುದಿಲ್ಲ. ಇ-ಕೋರ್ಟ್ಸ್ ಜಾಲತಾಣದಲ್ಲಿ ನಿಮ್ಮ ಹೆಸರು, ತಂದೆಯ ಹೆಸರು ಹಾಕಿ ನೋಡಿ. ಹೈಕೋರ್ಟಿನ ಪ್ರಕರಣ ಹುಡುಕುವಾಗ ಬಳ್ಳಾರಿ, ಕೊಪ್ಪಳದವರು ಧಾರವಾಡ ಪೀಠದಲ್ಲಿ, ರಾಯಚೂರಿನವರು ಕಲಬುರಗಿ ಪೀಠದಲ್ಲಿ ನೋಡಬೇಕು. ದಾವೆ ನಡೆಯುತ್ತಿರುವಾಗ ಮಾರಿದರೆ ತೀರ್ಪು ಕೊಂಡವರಿಗೂ ಅಂಟಿಕೊಳ್ಳುತ್ತದೆ. ಅದನ್ನು ಮುಚ್ಚಿಟ್ಟು ಮಾರುವುದು ಮೋಸ.

## ಹಂತ 3: ಇ-ಖಾತಾ

2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ನಗರ ಪ್ರದೇಶದ ಆಸ್ತಿ ನೋಂದಣಿ ಆಗುವುದಿಲ್ಲ. ಕೈಬರಹದ ಖಾತೆ, ಹಳೆ ಉತಾರ ಎಷ್ಟೇ ಇದ್ದರೂ ಸಾಲದು.

ಪಾಲಿಕೆ, ನಗರಸಭೆ, ಪುರಸಭೆ ವ್ಯಾಪ್ತಿಯ ಮನೆಗೆ ಇ-ಆಸ್ತಿ ತಂತ್ರಾಂಶದಲ್ಲಿ ಖಾತೆ ಆಗಬೇಕು. ಗ್ರಾಮ ಪಂಚಾಯಿತಿ ವ್ಯಾಪ್ತಿಯದಾದರೆ ಇ-ಸ್ವತ್ತು. ಅಲ್ಲಿ ಗ್ರಾಮಠಾಣದ ಮನೆ, ಎನ್‌ಎ (ಕೃಷಿಯೇತರ ಜಮೀನು) ಆಗಿ ಲೇಔಟ್ ಮಂಜೂರಾದ ಪ್ಲಾಟಿನ ಮನೆಗಳಿಗೆ ನಮೂನೆ 9 ಮತ್ತು 11ಎ ಬರುತ್ತದೆ. ಊರ ಹೊರಗೆ ಎನ್‌ಎ ಆಗದ ಹೊಲದಲ್ಲಿ ಪ್ಲಾಟ್ ಹಾಕಿ ಮಾರಿದ ಜಾಗದಲ್ಲಿ ಕಟ್ಟಿದ ಮನೆಗಳ ಕಥೆ ಬೇರೆ. ನಗರಗಳಲ್ಲಿ ಅಂಥವಕ್ಕೆ 2025ರಿಂದ ಬಿ-ಖಾತಾ ಕೊಡುತ್ತಿದ್ದಾರೆ. ಬಿ-ಖಾತಾ ಸಿಕ್ಕಿತು ಅಂದರೆ ಲೇಔಟ್ ಸಕ್ರಮ ಆಯಿತು ಅಂತ ಅಲ್ಲ. ಗಿರಾಕಿಗೆ ಸಾಲ ಸಿಗುವುದು ಕಷ್ಟವಾಗುತ್ತದೆ, ಬೆಲೆಯೂ ಇಳಿಯುತ್ತದೆ. ಇದನ್ನು ಮೊದಲ ಮಾತಿನಲ್ಲೇ ಗಿರಾಕಿಗೆ ಹೇಳಿಬಿಡಿ.

ಅರ್ಜಿಗೆ ಮೊದಲು ಇವನ್ನು ಜೋಡಿಸಿಕೊಳ್ಳಿ: ನೋಂದಾಯಿತ ಪತ್ರ, ಇಸಿ, ಈ ವರ್ಷದವರೆಗಿನ ಆಸ್ತಿ ತೆರಿಗೆ ರಸೀದಿ, ಮನೆಯ ಫೋಟೋ, ಜೆಸ್ಕಾಂ ಕರೆಂಟ್ ಬಿಲ್, ಆಧಾರ್. ತೆರಿಗೆ ಬಾಕಿ ಇದ್ದರೆ ಕೆಲಸ ಅಲ್ಲೇ ನಿಲ್ಲುತ್ತದೆ.

ಅರ್ಜಿ ಸಿಕ್ಕಿಬೀಳುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ಒಂದು, ಹೆಸರು. ಪತ್ರದಲ್ಲಿ ಶರಣಬಸಪ್ಪ, ಆಧಾರ್‌ನಲ್ಲಿ ಶರಣಪ್ಪ, ತೆರಿಗೆ ರಸೀದಿಯಲ್ಲಿ ಮನೆತನದ ಹೆಸರು. ಆಧಾರ್ ತಿದ್ದಿಸುವುದೋ, ಇಬ್ಬರೂ ಒಬ್ಬರೇ ಅಂತ ಪ್ರಮಾಣಪತ್ರ ಕೊಡುವುದೋ ಅಂತ ಅರ್ಜಿ ಹಾಕುವ ಮೊದಲೇ ವಿಚಾರಿಸಿ.

ಎರಡು, ಅಳತೆ. ಪತ್ರದಲ್ಲಿ 30 ಅಡಿ ಅಗಲ, ಜಾಗದಲ್ಲಿ 28 ಅಡಿ. ಟೇಪ್ ಹಿಡಿದು ನೀವೇ ಅಳೆದು ನೋಡಿ, ಅರ್ಧ ಗಂಟೆಯ ಕೆಲಸ. ವ್ಯತ್ಯಾಸ ಇದ್ದರೆ ತಿದ್ದುಪಡಿ ಪತ್ರ ನೋಂದಣಿ ಮಾಡಿಸಬೇಕಾಗಬಹುದು. ಅದಕ್ಕೆ ನಿಮಗೆ ಮಾರಿದವರೇ ಬಂದು ಸಹಿ ಹಾಕಬೇಕು. ಅವರು ಇಲ್ಲದಿದ್ದರೆ ಅವರ ವಾರಸುದಾರರು. ಇಪ್ಪತ್ತು ವರ್ಷದ ಹಿಂದೆ ಮಾರಿ ಬೇರೆ ಊರಿಗೆ ಹೋದವರನ್ನು ಹುಡುಕಿ ತರುವುದು ಸಣ್ಣ ಕೆಲಸವಲ್ಲ. ಅದಕ್ಕೇ ಸಂಚಕಾರಕ್ಕೆ ಮೊದಲು ಅಳೆಯಿರಿ ಅಂತ ಒತ್ತಿ ಹೇಳುತ್ತಿದ್ದೇನೆ.

## ಹಂತ 4: ಮನೆ ಮೇಲೆ ಸಾಲ ಇದ್ದರೆ

ಬ್ಯಾಂಕಿನಿಂದ ಬಾಕಿ ಎಷ್ಟು ಅಂತ ಬರವಣಿಗೆಯಲ್ಲಿ ಪಡೆಯಿರಿ. ತೀರಿಸಿದ ಮೇಲೆ ಮೂಲ ಪತ್ರಗಳನ್ನು 30 ದಿನದೊಳಗೆ ವಾಪಸ್ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. 2023ರ ಡಿಸೆಂಬರ್ 1ರಿಂದ ಇದು ಜಾರಿಯಲ್ಲಿದೆ. ತಪ್ಪು ಬ್ಯಾಂಕಿನದಾಗಿ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು.

ಸಾಲ ತೀರಿತು ಅನ್ನುವ ಪತ್ರ ಸಿಕ್ಕರೆ ಸಾಲದು. ಅಡಮಾನ ನೋಂದಣಿ ಆಗಿದ್ದರೆ ಅದು ಇಸಿಯಲ್ಲಿ ಕೂತಿರುತ್ತದೆ. ಬ್ಯಾಂಕಿನವರಿಂದ ಅಡಮಾನ ಬಿಡುಗಡೆಯನ್ನೂ ನೋಂದಣಿ ಮಾಡಿಸಿ, ಹೊಸ ಇಸಿ ತೆಗೆದು ಖಾತ್ರಿ ಮಾಡಿಕೊಳ್ಳಿ. ಗಿರಾಕಿಯ ದುಡ್ಡಿನಿಂದಲೇ ಸಾಲ ತೀರಿಸಬೇಕು ಅನ್ನುವ ಪರಿಸ್ಥಿತಿ ಇದ್ದರೆ ಆ ಮಾತು ಕರಾರಿನಲ್ಲಿ ಸ್ಪಷ್ಟವಾಗಿ ಬರಬೇಕು. ದುಡ್ಡು ನಿಮ್ಮ ಕೈಗೆ ಬರದೆ ನೇರ ಸಾಲದ ಖಾತೆಗೆ ಹೋಗಲಿ.

## ಹಂತ 5: ಬೆಲೆ, ಶುಲ್ಕ, ತೆರಿಗೆ

ಮೊದಲು ನಿಮ್ಮ ಓಣಿಯ ಮಾರ್ಗಸೂಚಿ ದರ, ಅಂದರೆ ನೋಂದಣಿಗೆ ಸರ್ಕಾರ ಇಟ್ಟಿರುವ ಕನಿಷ್ಠ ದರ ನೋಡಿ. ನೋಂದಣಿ ಶುಲ್ಕವನ್ನು ಮಾರ್ಗಸೂಚಿ ಬೆಲೆ ಅಥವಾ ನಿಜವಾದ ಬೆಲೆ, ಯಾವುದು ಜಾಸ್ತಿಯೋ ಅದರ ಮೇಲೆ ಹಾಕುತ್ತಾರೆ.

ನಗರದಲ್ಲಿ 40 ಲಕ್ಷದ ಸ್ವತಂತ್ರ ಮನೆ ಅಂತ ಇಟ್ಟುಕೊಳ್ಳಿ. ಮುದ್ರಾಂಕ ಶುಲ್ಕ ಶೇ 5, ಅಂದರೆ 2,00,000. ಅದರ ಮೇಲೆ ಶೇ 10 ಸೆಸ್ 20,000, ಶೇ 2 ಸರ್‌ಚಾರ್ಜ್ 4,000. ನೋಂದಣಿ ಶುಲ್ಕ ಮೊದಲು ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಅದು 80,000. ಒಟ್ಟು 3,04,000 ರೂಪಾಯಿ. ಹಳ್ಳಿಯಾದರೆ ಸರ್‌ಚಾರ್ಜ್ ಶೇ 3, ಹಾಗಾಗಿ 2,000 ಜಾಸ್ತಿ. ರೂಢಿಯಲ್ಲಿ ಇದನ್ನು ಕೊಳ್ಳುವವರೇ ಕೊಡುತ್ತಾರೆ. ಆದರೂ ಕರಾರಿನಲ್ಲಿ ಬರೆಯಿರಿ. ಹಳೆ ಶೇ 1ರ ಲೆಕ್ಕ ಇಟ್ಟುಕೊಂಡು ಬಂದ ಗಿರಾಕಿ ಕೊನೆ ದಿನ ನಿಮ್ಮ ಬೆಲೆಯಲ್ಲಿ ಕಡಿತ ಕೇಳುತ್ತಾರೆ.

"ಪತ್ರದಲ್ಲಿ ಕಡಿಮೆ ತೋರಿಸೋಣ, ಉಳಿದದ್ದು ನಗದು ಕೊಡ್ತೀನಿ" ಅನ್ನುವ ಮಾತು ನಮ್ಮ ಕಡೆ ಇನ್ನೂ ನಡೆಯುತ್ತದೆ. ದಯವಿಟ್ಟು ಒಪ್ಪಬೇಡಿ. ಸ್ಥಿರಾಸ್ತಿ ಮಾರಾಟಕ್ಕೆ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಂಡರೆ ತಗೊಂಡಷ್ಟೇ ಮೊತ್ತ ದಂಡ ಬೀಳಬಹುದು. ದಂಡ ಕಟ್ಟಬೇಕಾದವರು ದುಡ್ಡು ಪಡೆದ ನೀವು. ಸಂಚಕಾರಕ್ಕೂ ಇದೇ ನಿಯಮ. ಜೊತೆಗೆ ಆ ನಗದು ಕೊಡದೆ ಕೈ ಎತ್ತಿದರೆ ಕೇಳಲು ನಿಮ್ಮ ಹತ್ತಿರ ಯಾವ ಆಧಾರವೂ ಇರುವುದಿಲ್ಲ.

ಬೆಲೆ 50 ಲಕ್ಷ ಅಥವಾ ಜಾಸ್ತಿ ಇದ್ದರೆ ಕೊಳ್ಳುವವರು ನಿಮಗೆ ಕೊಡುವ ದುಡ್ಡಿನಲ್ಲೇ ಶೇ 1 ಟಿಡಿಎಸ್ (ಆದಾಯ ತೆರಿಗೆ ಕಡಿತ) ಹಿಡಿಯಬೇಕು. 60 ಲಕ್ಷಕ್ಕೆ 60,000, ಅಂದರೆ ಇಡೀ ಮೊತ್ತದ ಮೇಲೆ. ಹಿಡಿದ ತಿಂಗಳು ಮುಗಿದ 30 ದಿನದೊಳಗೆ ಅವರು ಸರ್ಕಾರಕ್ಕೆ ಕಟ್ಟಿ, ನಿಮಗೆ ಪ್ರಮಾಣಪತ್ರ ಕೊಡಬೇಕು. ಮಾರುವವರು ವಿದೇಶದಲ್ಲಿ ನೆಲೆಸಿದವರಾದರೆ ಈ ನಿಯಮವೇ ಬೇರೆ, ಹಿಡಿಯುವ ಮೊತ್ತವೂ ಬಹಳ ಜಾಸ್ತಿ. ಲೆಕ್ಕಪರಿಶೋಧಕರನ್ನು ಕೇಳದೆ ಮುಂದೆ ಹೋಗಬೇಡಿ.

ಲಾಭದ ತೆರಿಗೆಯನ್ನೂ ಈಗಲೇ ಲೆಕ್ಕ ಹಾಕಿ. ಮನೆ 24 ತಿಂಗಳಿಗಿಂತ ಜಾಸ್ತಿ ನಿಮ್ಮದಾಗಿದ್ದರೆ ಲಾಭದ ಮೇಲೆ ಶೇ 12.5. 2024ರ ಜುಲೈ 23ಕ್ಕಿಂತ ಮೊದಲು ಕೊಂಡ ಮನೆಗೆ ಹಣದುಬ್ಬರ ಸೇರಿಸಿ ಶೇ 20ರ ಲೆಕ್ಕವನ್ನೂ ಹಾಕಿ, ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು. ಅಪ್ಪನಿಂದ ಬಂದ ಮನೆಯಾದರೆ ಅಪ್ಪ ಕೊಂಡ ಬೆಲೆ, ಅಪ್ಪನ ಕಾಲದ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. ಆ ಲಾಭದಲ್ಲಿ ಇನ್ನೊಂದು ವಾಸದ ಮನೆ ಕೊಳ್ಳುವುದಾದರೆ ವಿನಾಯಿತಿ ಇದೆ. ಮಾರುವ ಒಂದು ವರ್ಷ ಮೊದಲು ಅಥವಾ ಎರಡು ವರ್ಷದೊಳಗೆ ಕೊಳ್ಳಬೇಕು, ಕಟ್ಟುವುದಾದರೆ ಮೂರು ವರ್ಷ.

## ಹಂತ 6: ಕರಾರು ಮತ್ತು ಸಂಚಕಾರ

ಈಗ ಗಿರಾಕಿ ಜೊತೆ ಕೂತುಕೊಳ್ಳಿ. ದಲ್ಲಾಳಿ ಇದ್ದರೆ ಅವರ ಕಮಿಷನ್ ಎಷ್ಟು, ಯಾವಾಗ ಅಂತಲೂ ಮಾತಾಗಲಿ. ನೋಂದಣಿ ದಿನವೇ ಕೊಡುವುದು ಒಳ್ಳೆಯದು.

ಕರಾರಿನಲ್ಲಿ ಒಟ್ಟು ಬೆಲೆ, ಸಂಚಕಾರ ಎಷ್ಟು, ಬಾಕಿ ಯಾವ ದಿನ ಯಾವ ರೀತಿ ಬರಬೇಕು, ಶುಲ್ಕ ಯಾರದು ಅಂತ ಬರೆಸಿ. ಗಡುವು ದಿನಾಂಕ ಹಾಕಿ ಬರೆಯಬೇಕು. ಗಿರಾಕಿ ಹಿಂದೆ ಸರಿದರೆ ಸಂಚಕಾರದಲ್ಲಿ ಎಷ್ಟು ಹಿಡಿದುಕೊಳ್ಳುತ್ತೀರಿ, ನಿಮ್ಮಿಂದ ತಡವಾದರೆ ಎಷ್ಟು ದಿನದ ರಿಯಾಯಿತಿ, ದುಡ್ಡು ಹೇಗೆ ವಾಪಸ್ ಅಂತಲೂ ಇರಲಿ. ಈ ಕೊನೆಯ ಸಾಲು ಇಲ್ಲದ ಕರಾರುಗಳೇ ಜಗಳಕ್ಕೆ ಹೋಗುವುದು.

ಭತ್ತದ ಸೀಮೆಯಲ್ಲಿ ಬಾಕಿ ದುಡ್ಡು "ಸುಗ್ಗಿ ಆದ ಮೇಲೆ" ಅಂತ ಹೇಳುವುದು ರೂಢಿ. ಸಿಂಧನೂರು, ಗಂಗಾವತಿ, ಸಿರುಗುಪ್ಪದಲ್ಲಿ ರೈತ ಗಿರಾಕಿಗಳು ಪ್ರಾಮಾಣಿಕವಾಗಿಯೇ ಹಾಗೆ ಹೇಳುತ್ತಾರೆ. ಆದರೆ ಕಾಲುವೆಗೆ ಎರಡನೇ ಬೆಳೆಗೆ ನೀರು ಬಿಡದ ವರ್ಷ, ದರ ಬಿದ್ದ ವರ್ಷ ಆ ದುಡ್ಡು ಬರುವುದಿಲ್ಲ. ಸುಗ್ಗಿ ಅಂತ ಬರೆಯದೆ ತಾರೀಖು ಬರೆಯಿರಿ. ಅವರ ಅನುಕೂಲಕ್ಕೆ ಬೇಕಾದರೆ ತಾರೀಖನ್ನು ಒಂದು ತಿಂಗಳು ಮುಂದಕ್ಕೆ ಇಡಿ.

ಬಾಕಿ ಬರುವ ಮೊದಲು ಬೀಗದ ಕೈ ಕೊಡಬೇಡಿ. ಕರಾರಿನಲ್ಲೇ ಸ್ವಾಧೀನ ಕೊಟ್ಟೆವು ಅಂತ ಬರೆದರೆ ಅದಕ್ಕೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ. ಒಳಗೆ ಕೂತವರನ್ನು ಹೊರಗೆ ಕಳಿಸುವುದೂ ವರ್ಷಗಟ್ಟಲೆ ಕೆಲಸ.

ಇನ್ನೊಂದು ತಪ್ಪು ತಿಳಿವಳಿಕೆ ಬಹಳ ಕಡೆ ಇದೆ. "ಮೂರು ತಿಂಗಳ ಕರಾರು ಮುಗೀತು, ಇನ್ನು ಬೇರೆಯವರಿಗೆ ಮಾರಬಹುದು." ಹಾಗಲ್ಲ. ಗಡುವಿನ ದಿನದಿಂದ ಮೂರು ವರ್ಷದವರೆಗೆ ಗಿರಾಕಿ ನ್ಯಾಯಾಲಯಕ್ಕೆ ಹೋಗಿ ಖರೀದಿ ಮಾಡಿಕೊಡಿ ಅಂತ ಕೇಳಬಹುದು. ವ್ಯವಹಾರ ಮುರಿದರೆ ರದ್ದತಿ ಪತ್ರ ಬರೆಸಿ, ಇಬ್ಬರೂ ಸಹಿ ಹಾಕಿ, ಸಂಚಕಾರವನ್ನು ಬ್ಯಾಂಕ್ ಮೂಲಕ ವಾಪಸ್ ಮಾಡಿ. ಕರಾರು ನೋಂದಣಿ ಆಗಿದ್ದರೆ ರದ್ದತಿಯೂ ನೋಂದಣಿ ಆಗಬೇಕು. ಆಮೇಲೆ ಎರಡನೇ ಗಿರಾಕಿ ಜೊತೆ ಮಾತು.

ಕೆಲವು ಸೂಚನೆ ಕಂಡರೆ ಅಲ್ಲೇ ನಿಲ್ಲಿ. ಖರೀದಿ ಪತ್ರ ಬೇಡ, ಜಿಪಿಎ (ಅಧಿಕಾರ ಪತ್ರ) ಬರೆದುಕೊಡಿ ಸಾಕು ಅನ್ನುವವರು. ಮೂಲ ಪತ್ರಗಳನ್ನು "ಬ್ಯಾಂಕಿಗೆ ತೋರಿಸಿ ತರ್ತೀನಿ" ಅಂತ ಕೇಳುವವರು. ಕೊಳ್ಳುವವರ ಹೆಸರಿನ ಜಾಗ ಖಾಲಿ ಬಿಟ್ಟು ಸಹಿ ಕೇಳುವ ದಲ್ಲಾಳಿ. ಜಿಪಿಎ ಮೂಲಕ ಮನೆ ಮಾರಾಟ ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದರೆ ನಿಮ್ಮ ಹೆಸರಲ್ಲಿ ಬೇರೆಯವರು ಪತ್ರಕ್ಕೆ ಸಹಿ ಹಾಕುವ ಅಧಿಕಾರ ಅದರಿಂದ ಸಿಗುತ್ತದೆ.

## ಹಂತ 7: ಕಾವೇರಿಯಲ್ಲಿ ಅರ್ಜಿ, ಕಚೇರಿಯಲ್ಲಿ ನೋಂದಣಿ

ಖರೀದಿ ಪತ್ರದ ಕರಡು ವಕೀಲರಿಂದಲೋ ಬಾಂಡ್ ರೈಟರ್ ಹತ್ತಿರವೋ ತಯಾರಾಗುತ್ತದೆ. ಕರಡನ್ನು ಮನೆಗೆ ತಂದು, ಇ-ಖಾತಾ ಪಕ್ಕದಲ್ಲಿಟ್ಟು ಸಾಲು ಸಾಲು ಓದಿ. ಚೆಕ್ಕುಬಂದಿ, ಅಂದರೆ ನಾಲ್ಕೂ ದಿಕ್ಕಿನ ಗಡಿ ವಿಶೇಷವಾಗಿ ನೋಡಿ. ಹಳೆ ಪತ್ರದಿಂದ ಎತ್ತಿ ಹಾಕಿದ್ದರೆ "ಪೂರ್ವಕ್ಕೆ ಖಾಲಿ ಜಾಗ" ಅಂತಲೇ ಇರುತ್ತದೆ, ಅಲ್ಲಿ ಮನೆ ಎದ್ದು ಹದಿನೈದು ವರ್ಷ ಆಗಿರುತ್ತದೆ.

ಕಾವೇರಿ 2.0ರಲ್ಲಿ ಕ್ರಮ ಹೀಗಿದೆ. ಲಾಗಿನ್ ಮಾಡಿ ವಿವರ ತುಂಬಿ, ಕರಡು ಹಾಕಬೇಕು. ಉಪನೋಂದಣಾಧಿಕಾರಿ ಅದನ್ನು ಪರಿಶೀಲಿಸಿ ಒಪ್ಪಬೇಕು, ತಪ್ಪಿದ್ದರೆ ವಾಪಸ್ ಕಳಿಸುತ್ತಾರೆ. ಒಪ್ಪಿದ ಮೇಲೆ ಶುಲ್ಕ ಕಟ್ಟಿ ಸಮಯ ಕಾಯ್ದಿರಿಸಬೇಕು. ಆ ದಿನ ಹೋದರೆ ಫೋಟೋ, ಹೆಬ್ಬೆಟ್ಟು, ಸಹಿ. ಕರಡು ವಾಪಸ್ ಬಂದು ಹೋಗುವುದಕ್ಕೆ ಒಂದು ವಾರ ಹೆಚ್ಚಿಗೆ ಇಟ್ಟುಕೊಳ್ಳಿ. 2024ರ ಸೆಪ್ಟೆಂಬರ್‌ನಿಂದ ಜಿಲ್ಲೆಯೊಳಗಿನ ಯಾವ ಕಚೇರಿಯಲ್ಲಾದರೂ ನೋಂದಣಿ ಮಾಡಿಸಬಹುದು. ಗಂಗಾವತಿ ಮನೆಯನ್ನು ಕುಷ್ಟಗಿಯಲ್ಲಿ ಮಾಡಿಸಿದರೂ ಆಗುತ್ತದೆ.

ಆ ದಿನ ಮಾರುವವರೆಲ್ಲರೂ, ಕೊಳ್ಳುವವರು, ಇಬ್ಬರು ಸಾಕ್ಷಿಗಳು ಮೂಲ ಆಧಾರ್, ಪ್ಯಾನ್ ಹಿಡಿದು ಬರಬೇಕು. ಹೊಲದ ಕೆಲಸ, ಸಿಮೆಂಟ್ ಕೆಲಸ ಮಾಡಿದ ಕೈಗಳ ಬೆರಳಚ್ಚು ಕೆಲವೊಮ್ಮೆ ಯಂತ್ರಕ್ಕೆ ಸಿಗುವುದಿಲ್ಲ. ಬೆಳಗಿನ ಸಮಯ ತಗೊಳ್ಳಿ, ಅವಸರ ಇರುವುದಿಲ್ಲ. ತಾಯಿ ಹಾಸಿಗೆ ಹಿಡಿದಿದ್ದರೆ ಅವರನ್ನು ಎತ್ತಿಕೊಂಡು ಹೋಗಬೇಕಿಲ್ಲ. ಮನೆಗೇ ಬಂದು ಸಹಿ ಪಡೆಯಲು ಉಪನೋಂದಣಾಧಿಕಾರಿಗೆ ಅರ್ಜಿ ಹಾಕಲು ಕಾನೂನಿನಲ್ಲಿ ಅವಕಾಶ ಇದೆ.

ಸಹಿ ಹಾಕಿದ ಪತ್ರವನ್ನು ನಾಲ್ಕು ತಿಂಗಳೊಳಗೆ ನೋಂದಣಿಗೆ ಕೊಡಬೇಕು. ತಡವಾದರೆ ದಂಡ ಕಟ್ಟಿ ಇನ್ನೂ ನಾಲ್ಕು ತಿಂಗಳು. ಕಚೇರಿಯವರು ನೋಂದಣಿ ಮಾಡಲ್ಲ ಅಂದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. 30 ದಿನದೊಳಗೆ ಜಿಲ್ಲಾ ನೋಂದಣಾಧಿಕಾರಿಗೆ ಮೇಲ್ಮನವಿ ಹಾಕಬಹುದು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಪೂರ್ತಿ ದುಡ್ಡು ನಿಮ್ಮ ಖಾತೆಗೆ ಜಮಾ ಆಗುವವರೆಗೆ, ಅಥವಾ ಬ್ಯಾಂಕಿನ ಡಿಡಿ ಕೈಗೆ ಬರುವವರೆಗೆ ಹೆಬ್ಬೆಟ್ಟು ಕೊಡಬೇಡಿ. ಮುಂದಿನ ತಾರೀಖಿನ ಚೆಕ್ ನಂಬಿ ನೋಂದಣಿ ಮಾಡಿಕೊಟ್ಟು, ಚೆಕ್ ವಾಪಸ್ ಬಂದರೆ ಮಾರಾಟ ರದ್ದಾಗುತ್ತದೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ರದ್ದಾಗುವುದಿಲ್ಲ. ಬಾಕಿ ಬರಲಿಲ್ಲ ಅನ್ನುವ ಒಂದೇ ಕಾರಣಕ್ಕೆ ನೋಂದಾಯಿತ ಕ್ರಯಪತ್ರ ರದ್ದು ಮಾಡಲಾಗದು, ದುಡ್ಡಿಗಾಗಿ ದಾವೆ ಹಾಕಬಹುದು ಅಷ್ಟೇ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಮನೆ ಅವರದಾಗಿರುತ್ತದೆ, ನೀವು ದುಡ್ಡಿಗೆ ಅಲೆಯುತ್ತಿರುತ್ತೀರಿ. ಪತ್ರದಲ್ಲಿ "ಪೂರ್ತಿ ಹಣ ಸಂದಾಯವಾಗಿದೆ" ಅನ್ನುವ ಸಾಲು ಇದ್ದರೆ ಅದು ನಿಜವಾದ ಮೇಲೆಯೇ ಸಹಿ. ಪ್ರತಿ ಪಾವತಿಯ ಯುಟಿಆರ್ (ಬ್ಯಾಂಕ್ ವರ್ಗಾವಣೆ ಸಂಖ್ಯೆ) ಅಥವಾ ಡಿಡಿ ಸಂಖ್ಯೆ ಪತ್ರದೊಳಗೇ ಬರಲಿ.

## ಹಂತ 8: ನೋಂದಣಿ ಆದ ಮೇಲೆ

ಮೂಲ ಪತ್ರಗಳು, ಬೀಗದ ಕೈ ಕೊಡುವಾಗ ಒಂದು ಪಟ್ಟಿ ಮಾಡಿ, ಗಿರಾಕಿಯಿಂದ ಸಹಿ ತಗೊಳ್ಳಿ. ಖಾತೆ ಬದಲಾವಣೆ ಅವರ ಕೆಲಸ. ಆದರೂ ಎರಡು ತಿಂಗಳ ನಂತರ ಒಮ್ಮೆ ವಿಚಾರಿಸಿ. ಖಾತೆ ನಿಮ್ಮ ಹೆಸರಲ್ಲೇ ಉಳಿದರೆ ತೆರಿಗೆ ನೋಟಿಸ್ ನಿಮಗೇ ಬರುತ್ತದೆ.

ಜೆಸ್ಕಾಂ ಮೀಟರ್, ನಳದ ಸಂಪರ್ಕ ಹೆಸರು ಬದಲಾಗಲಿ. ಮನೆ ಬಿಟ್ಟ ದಿನದ ಮೀಟರ್ ರೀಡಿಂಗ್ ಫೋಟೋ ತೆಗೆದಿಡಿ.

ಟಿಡಿಎಸ್ ಹಿಡಿದಿದ್ದರೆ ಅದು ನಿಮ್ಮ ಪ್ಯಾನ್‌ಗೆ ಜಮಾ ಆಗಿದೆಯಾ ಅಂತ ಆದಾಯ ತೆರಿಗೆ ಜಾಲತಾಣದಲ್ಲಿ ನೋಡಿ. ಹೊಸ ಮನೆಗೆ ಹಾಕಬೇಕಾದ ಲಾಭದ ದುಡ್ಡು ರಿಟರ್ನ್ ಸಲ್ಲಿಸುವ ಕೊನೆ ದಿನದೊಳಗೆ ಖರ್ಚಾಗದಿದ್ದರೆ ಬ್ಯಾಂಕಿನಲ್ಲಿ ಬಂಡವಾಳ ಲಾಭ ಖಾತೆ ತೆರೆದು ಅದರಲ್ಲಿ ಇಡಬೇಕು. ಸಾಮಾನ್ಯ ಉಳಿತಾಯ ಖಾತೆಯಲ್ಲೋ ಎಫ್‌ಡಿಯಲ್ಲೋ ಇಟ್ಟು ವಿನಾಯಿತಿ ಕಳೆದುಕೊಂಡವರನ್ನು ನೋಡಿದ್ದೇನೆ. ಮಾರಿದ ಪತ್ರದ ನಕಲು, ಬ್ಯಾಂಕ್ ಸ್ಟೇಟ್‌ಮೆಂಟ್, ನೀವು ಕೊಂಡಾಗಿನ ಪತ್ರದ ನಕಲು, ಮನೆ ಕಟ್ಟಿಸಿದ ಬಿಲ್‌ಗಳು ಇಷ್ಟನ್ನೂ ಒಂದೇ ಫೈಲಿನಲ್ಲಿ ಹಾಕಿ ಇಟ್ಟುಕೊಳ್ಳಿ. ಆದಾಯ ತೆರಿಗೆಯವರು ವರ್ಷಗಳ ನಂತರವೂ ಇವನ್ನು ಕೇಳಬಹುದು.